ಬಿಳಿ ಎಣ್ಣೆಯ ಡಬ್ಬಿ

ಫೆಬ್ರವರಿ ೩

ಇವತ್ತು ಗೆದ್ದೆ! ಬ್ಯಾಂಕಿನ ಮ್ಯಾನೇಜರಮ್ಮನ ಬಿಳಿ ಕೋಟಿನ ತೋಳಿಗೆ ಅಂಗೈಯಗಲ ಗ್ರೀಸು ಮೆತ್ತಿಕೊಂಡಿತ್ತು. ಬೇರೆ ಇಸ್ತ್ರಿ ಅಂಗಡಿಯವರೆಲ್ಲ ಕೈ ಚೆಲ್ಲಿದ ಮೇಲೆ ನನ್ನ ಹತ್ತಿರ ಬಂದಿದ್ದರು. "ಸಂಜೆ ಬನ್ನಿ" ಎಂದು ಕಳಿಸಿ, ಮೇಜಿನ ಕೆಳಗಿನ ಡಬ್ಬಿ ತೆಗೆದೆ. ಬಟ್ಟೆಯ ಚೂರೊಂದನ್ನು ಬಿಳಿ ಎಣ್ಣೆಯಲ್ಲಿ ಅದ್ದಿ ಒತ್ತಿದೆ, ಉಜ್ಜಿದೆ, ಮತ್ತೆ ಒತ್ತಿದೆ. ಗ್ರೀಸು ಕರಗಿತು. ಎಣ್ಣೆಯೂ ಆರಿ ಹೋಯಿತು. ಹುಡುಕಿದರೂ ಒಂದು ಚೂರು ಗುರುತಿಲ್ಲ!

ಎಷ್ಟು ವರ್ಷ ಬಳಸಿದರೂ ಈ ಎಣ್ಣೆಯ ಮೇಲಿನ ನನ್ನ ಬೆರಗು ಹೋಗಿಲ್ಲ. ನೆಲದ ಆಳದಿಂದ ಅನಿಲದ ಜೊತೆ ಮೇಲೆ ಬಂದು, ತಣ್ಣಗಾದಾಗ ನೀರಿನ ಹಾಗೆ ಇಳಿಯುತ್ತದಂತೆ. ಬಾವಿಯ ಆ ಕರಿ ಕಚ್ಚಾ ಎಣ್ಣೆಯ ಜೊತೆಗೇ ಹುಟ್ಟಿ ಇದೊಂದು ಇಷ್ಟು ತಿಳಿಯಾಗಿ ಹೇಗಿದೆ? ಬೆರಳಿಗೆ ತಾಗಿದರೆ ತಂಪು, ಮೂಗಿಗೆ ಒಂದು ಥರ ಸಿಹಿ. ನಮ್ಮ ಯಜಮಾನರು ದುಡಿಯುವ ಎಣ್ಣೆ ಕಂಪನಿಯಲ್ಲಿ ಎಲ್ಲರೂ ಕೈಗೆ ಮೆತ್ತಿದ ಕರಿ ಎಣ್ಣೆಯನ್ನು ಇದರಲ್ಲೇ ತೊಳೆದುಕೊಂಡು ಮನೆಗೆ ಬರುತ್ತಾರೆ. ಮನೆಗೂ ಒಂದೊಂದು ಡಬ್ಬಿ ತರುತ್ತಾರೆ. ನನ್ನ ಗಂಡ ಕಂಪನಿಯ ಒಂದು ಮೊಳೆಯನ್ನೂ ಜೇಬಿಗೆ ಹಾಕಿಕೊಂಡವರಲ್ಲ, ಆದರೆ ಬಿಳಿ ಎಣ್ಣೆಯನ್ನು ಯಾರೂ ಮಾಲು ಅಂತಲೇ ಲೆಕ್ಕಕ್ಕಿಟ್ಟಿಲ್ಲ. ನಲ್ಲಿಯ ನೀರಿದ್ದಂತೆ.

ಮ್ಯಾನೇಜರಮ್ಮ ಕೋಟನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಕೈಯಲ್ಲೇ ಏನೋ ಇದೆ ಕಣ್ರೀ" ಅಂದರು. ಉಬ್ಬಿಹೋದೆ.

ನಮ್ಮ ಇವರಿಗೆ ಬೆಳಿಗ್ಗೆ ಮತ್ತೆ ಮೂಗಿನಲ್ಲಿ ರಕ್ತ. ಉಷ್ಣ ಅಂತೆ. ಕಂಪನಿಯ ಡಾಕ್ಟರಿಗೆ ಉಷ್ಣ ಬಿಟ್ಟು ಬೇರೆ ರೋಗದ ಹೆಸರು ಗೊತ್ತಿದ್ದ ಹಾಗಿಲ್ಲ.

ಫೆಬ್ರವರಿ ೧೯

ಇವರು ಟ್ಯಾಂಕಿನ ಏಣಿಯ ಮೇಲೆ ತಲೆ ಸುತ್ತಿ ಕುಸಿದರು. ಕಂಬಿ ಹಿಡಿದುಕೊಂಡದ್ದಕ್ಕೆ ಜೀವ ಉಳಿಯಿತು. ಮೇಲ್ವಿಚಾರಕರು ಮೀಸೆಯಣ್ಣ ತಾವೇ ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕರೆತಂದರು. ಆ ಪೊದೆ ಮೀಸೆಯ ಮನುಷ್ಯ ನನ್ನನ್ನು ಕಂಡ ಕೂಡಲೇ, "ಏನಿಲ್ಲ ತಂಗೀ, ನಿನ್ನ ಗಂಡ ಕೆಲಸ ತಪ್ಪಿಸಿಕೊಳ್ಳೋಕೆ ಹೊಸ ಆಟ ಹೂಡಿದಾನೆ" ಎಂದು ನಗಿಸಲು ನೋಡಿದರು. ಆದರೆ ಜೀಪಿನ ಬಾಗಿಲು ಹಾಕುವುದನ್ನೂ ಮರೆತು ಬಂದಿದ್ದರು.

ಇಲ್ಲಿನ ರಕ್ತದ ಡಾಕ್ಟರಮ್ಮ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ನಾನು ಒಂದೇ ಸಮ ಪ್ರಶ್ನೆ ಕೇಳುವುದನ್ನು ತಾಳಲಾರದೆ, "ಬನ್ನಿ, ನೀವೇ ನೋಡಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕಣ್ಣಿಟ್ಟೆ. ಅಯ್ಯೋ! ಗುಲಾಬಿ ಬಣ್ಣದ ಬಿಲ್ಲೆಗಳು, ನಡುವೆ ಎಲ್ಲೋ ಒಂದು ನೇರಳೆ ಬಣ್ಣದ ದೊಡ್ಡ ಚುಕ್ಕೆ. ಇವರೊಳಗೆ ಇಷ್ಟು ಚೆಂದದ್ದು ಓಡಾಡಿಕೊಂಡಿತ್ತೇ! ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಗೊರಕೆಯಿಂದ ಹಿಡಿದು ಎಲ್ಲ ಗೊತ್ತು ಅಂದುಕೊಂಡಿದ್ದೆ.

ರಕ್ತಕ್ಕೆ ಬಣ್ಣ ಹಾಕಿದರೇನೇ ಹೀಗೆ ಕಾಣುವುದಂತೆ. ನಾನು ಕಲೆ ತೆಗೆದು ಹೊಟ್ಟೆ ಹೊರೆಯುವವಳು. ಈ ಡಾಕ್ಟರುಗಳು ಕಲೆ ಹಾಕಿ ನಿಜ ಹುಡುಕುತ್ತಾರೆ.

"ಈಗ ನನ್ನ ರಕ್ತ ನೋಡಿ" ಎಂದು ಆಕೆ ಇನ್ನೊಂದು ಗಾಜಿನ ಪಟ್ಟಿ ಇಟ್ಟಳು. ಅದರಲ್ಲಿ ತುಂಬಿ ತುಳುಕುತ್ತಿತ್ತು. ಆಗ ಅರ್ಥವಾಯಿತು, ಇವರದರಲ್ಲಿ ಬಯಲೇ ಹೆಚ್ಚು.

ಫೆಬ್ರವರಿ ೨೧

ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದರು. ರಕ್ತ ಹುಟ್ಟುವುದು ಎಲುಬಿನೊಳಗಂತೆ! ನಾನು ಹೃದಯದಲ್ಲಿ ಎಂದುಕೊಂಡಿದ್ದೆ. ಮಜ್ಜೆ ಸೋತಿದೆ. ಡಾಕ್ಟರಮ್ಮ ಇವರ ಕೆಲಸ ಏನೆಂದು ವಿವರವಾಗಿ ಕೇಳಿದಳು. ಟ್ಯಾಂಕು ಹತ್ತುವುದು, ಮುಚ್ಚಳ ತೆಗೆಯುವುದು, ಬಗ್ಗಿ ಟೇಪು ಇಳಿಬಿಟ್ಟು ಎಣ್ಣೆ ಎಷ್ಟಿದೆ ನೋಡುವುದು, ಸೀಸೆಗೆ ಮಾದರಿ ತುಂಬುವುದು. ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಹೊಡೆಯುತ್ತದೆಯೇ? "ಹೊಡೀದೇ ಇರುತ್ತಾ? ಮುಖವಾಡದ ಗಾಜಿಗೆ ಮಂಜು ಕಟ್ಟಿ ಏನೂ ಕಾಣಲ್ಲ, ತೆಗೆದಿಡ್ತೀವಿ" ಅಂದರು ಇವರು.

ಆ ಆವಿಯಲ್ಲಿರುವ ವಿಷದ ಹೆಸರೊಂದನ್ನು ಆಕೆ ಹೇಳಿದಳು. ಬೆಂಜೀನ್. ಕೇಳಲು ಯಾರದೋ ಸೊಸೆಯ ಹೆಸರಿನ ಹಾಗಿದೆ. ಮಜ್ಜೆಯನ್ನು ಒಳಗಿಂದಲೇ ಸುಡುವುದು ಇದೇ ಇರಬೇಕು ಎಂದಳು.

ಮಾರ್ಚ್ ೮

ಕಂಪನಿಯಿಂದ ಕಾರ್ಮಿಕರ ಕ್ಷೇಮಾಧಿಕಾರಿ ಬಂದಿದ್ದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಬಾಯಲ್ಲಿ ಬೆಣ್ಣೆ. ಆಸ್ಪತ್ರೆಯ ಖರ್ಚೆಲ್ಲ ಕಂಪನಿಯದು, ಈ ಕಾಗದಕ್ಕೆ ಸಹಿ ಹಾಕಿದರೆ ಸಾಕು ಎಂದರು. ರೋಗಕ್ಕೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನು ಪೆನ್ನು ಹುಡುಕುತ್ತಿದ್ದೆ. ನಮ್ಮ ಕಂಪನಿಯವರು ಪಾಪ, ಇಷ್ಟು ದೂರ ಬಂದಿದ್ದಾರೆ!

ಅಷ್ಟರಲ್ಲಿ ಮಗಳು ಪಾಳಿ ಮುಗಿಸಿ ಬಂದಳು. ಸಿಟಿ ಬಸ್ಸು ಓಡಿಸುವವಳು, ಯಾರಿಗೂ ಅಡ್ಡ ನುಗ್ಗಲು ಬಿಡುವವಳಲ್ಲ. ಕಾಗದವನ್ನು ನಿಂತೇ ಓದಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಸಹಿ ಆಮೇಲೆ. ಮೊದಲು ಕೇಳಬೇಕಾದವರನ್ನ ಕೇಳ್ತೀವಿ."

"ಯಾರನ್ನಮ್ಮ ಕೇಳೋದು?" ಎಂದರು ಕ್ಷೇಮಾಧಿಕಾರಿ.

"ನನ್ನ ಬಸ್ಸಲ್ಲಿ ದಿನಾ ಒಬ್ರು ವಕೀಲರು ಬರ್ತಾರೆ."

ಕ್ಷೇಮಾಧಿಕಾರಿ ಹೋಗುವಾಗ ಹಣ್ಣಿನ ಬುಟ್ಟಿಯನ್ನು ಬಿಟ್ಟುಹೋದರು. ಆದರೂ ವಾಪಸ್ ಒಯ್ಯಲೇ ಎಂಬಂತೆ ಅದರ ಕಡೆ ಒಮ್ಮೆ ನೋಡಿದ್ದನ್ನು ನಾನು ಕಂಡೆ.

ಮಾರ್ಚ್ ೧೨

ವಕೀಲರೆಂದರೆ ಕರಿ ಕೋಟಿನ ಗಡಸು ಮನುಷ್ಯ ಎಂದುಕೊಂಡಿದ್ದೆ. ನೋಡಿದರೆ ಮಂಡಿನೋವಿನ, ಚಹಾ ಆರಿಸಿ ಕುಡಿಯುವ, ನನ್ನದೇ ವಯಸ್ಸಿನ ಹೆಂಗಸು.

ಎರಡು ದಾರಿ ಹೇಳಿದರು. ಒಂದು, ಕೆಲಸದಿಂದ ಬಂದ ರೋಗಕ್ಕೆ ಪರಿಹಾರದ ಅರ್ಜಿ. ಅಲ್ಲಿ ತಪ್ಪು ಯಾರದು ಎಂದು ತೋರಿಸಬೇಕಿಲ್ಲ, ಕೆಲಸದಿಂದಲೇ ಬಂತು ಎಂದು ತೋರಿಸಿದರೆ ಸಾಕು. ಇನ್ನೊಂದು, ಅಪಾಯ ಗೊತ್ತಿದ್ದೂ ಬಾಯಿ ಬಿಡದವರ ಮೇಲೆ ದಾವೆ. ಅದು ಉದ್ದದ ದಾರಿ. ಆ ಕಾಗದಕ್ಕೆ ಸಹಿ ಬಿದ್ದಿದ್ದರೆ ಎರಡೂ ಬಾಗಿಲು ಮುಚ್ಚಿರುತ್ತಿದ್ದವಂತೆ. ಪೆನ್ನು ಹುಡುಕಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಇಷ್ಟು ವರ್ಷದ ಹಿಂದಿನ ಆವಿಗೆ ಈಗ ಅರ್ಜಿ ಹಾಕಿದ್ರೆ ಗಡುವು ಮೀರಿರಲ್ವಾ?" ಎಂದು ಮಗಳು ಕೇಳಿದಳು.

"ಇಂಥ ರೋಗಕ್ಕೆ ಗಡುವು ಶುರುವಾಗೋದು ವಿಷ ತಾಗಿದ ದಿನದಿಂದ ಅಲ್ಲ, ಅದರಿಂದಲೇ ಬಂತು ಅಂತ ಗೊತ್ತಾದ ದಿನದಿಂದ."

ನನಗೆ ಮೈ ಜುಮ್ಮೆಂದಿತು. ಯಾರೋ ಎಲ್ಲೋ ಕೂತು, ಗೊತ್ತಿಲ್ಲದವರ ಪರವಾಗಿ ಇಷ್ಟು ಯೋಚಿಸಿದ್ದಾರಲ್ಲ! ಕಾನೂನಿಗೆ ಕಣ್ಣಿಲ್ಲ ಅಂತಾರೆ, ಇದಕ್ಕೆ ಇದೆ.

ಆಮೇಲೆ ಅವರು, "ಈ ರಾಸಾಯನಿಕ ಏನಾದ್ರೂ ಮನೆಗೆ ಬರ್ತಿತ್ತಾ?" ಎಂದರು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ. "ಇಲ್ಲ" ಅಂದರು. ಡಬ್ಬಿಯ ವಿಷಯ ಹೇಳಿದರೆ ಕಂಪನಿ ಕಳ್ಳತನ ಎನ್ನುತ್ತದೆ, ಅರ್ಜಿಗೆ ಕಲ್ಲು ಬೀಳುತ್ತದೆ. ಅಲ್ಲದೆ ಅದು ಬಿಳಿ ಎಣ್ಣೆ ತಾನೇ. ವಿಷ ಇರುವುದು ಕರಿ ಎಣ್ಣೆಯಲ್ಲಿ. ಅಷ್ಟು ಶುಭ್ರವಾದದ್ದರಲ್ಲಿ ಏನಿರುತ್ತದೆ?

ಇವರು ಕೊನೆಯ ದಿನ ತೊಟ್ಟಿದ್ದ ಕೆಲಸದ ಅಂಗಿ ಸಾಕ್ಷಿಗೆ ಬೇಕಂತೆ. "ಒಗೀಬೇಡಿ" ಎಂದರು. ಒಗೆಯಬೇಡಿ ಎಂದು ನನಗೆ ಹೇಳಿದ ಮೊದಲ ಮನುಷ್ಯರು ಈ ವಕೀಲರೇ.

ಮಾರ್ಚ್ ೨೭

ಅಂಗಡಿ, ಆಸ್ಪತ್ರೆ, ಅಂಗಡಿ. ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತು. ಹೊಸ ಹಲ್ಲುಜ್ಜುವ ಬ್ರಷ್ಷು ಬಹಳ ಗಡಸು, ದಿನಾ ವಸಡಿನಲ್ಲಿ ರಕ್ತ. ಅಂಗಡಿಯವನ ಮುಖಕ್ಕೆ ಎಸೆದು ಬರಬೇಕು.

ಏಪ್ರಿಲ್ ೯

ಇವರಿಗೆ ರಕ್ತ ಏರಿಸಿದರು. ಯಾರ ರಕ್ತವೋ! ಚೀಲದ ಮೇಲೆ ಹೆಸರಿಲ್ಲ. ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದಂತೆ ಇವರ ತುಟಿಗೆ ಬಣ್ಣ ಬರುವುದನ್ನು ಕಣ್ಣಾರೆ ಕಂಡೆ. ಗುರುತಿಲ್ಲದ ಒಬ್ಬರು ಯಾವುದೋ ದಿನ ಮಲಗಿ ತೋಳು ಚಾಚಿದ್ದಾರೆ, ಇವತ್ತು ನನ್ನ ಗಂಡ "ಹಸಿವಾಗ್ತಿದೆ ಕಣೇ" ಅನ್ನುತ್ತಿದ್ದಾರೆ. ಅತ್ತುಬಿಟ್ಟೆ.

ಇವರಿಗೂ ಹುರುಪು ಬಂದು ಡಾಕ್ಟರಮ್ಮನ ಜೊತೆ ಹರಟೆಗಿಳಿದರು. "ನಾವೇನು ಕೊಳಕರಲ್ಲ ಡಾಕ್ಟ್ರೇ, ದಿನಾ ಕರಿ ಎಣ್ಣೇನ ಬಿಳಿ ಎಣ್ಣೇಲಿ ಚೆನ್ನಾಗಿ ತೊಳ್ಕೊಂಡೇ ಮನೆಗೆ ಹೋಗ್ತಿದ್ವಿ."

ಆಕೆ ಬರೆಯುತ್ತಿದ್ದ ಪೆನ್ನು ನಿಂತಿತು. "ಬಿಳಿ ಎಣ್ಣೆ ಅಂದ್ರೆ? ನೀರಿನ ಹಾಗಿರುತ್ತಾ? ಬೇಗ ಆರಿಹೋಗುತ್ತಾ?"

"ಹೂಂ."

"ಬೆಂಜೀನ್ ಹಗುರವಾದ್ದು. ಕರಿ ಎಣ್ಣೇಗಿಂತ ಅಂಥಾದ್ರಲ್ಲೇ ಸಾಮಾನ್ಯವಾಗಿ ಹೆಚ್ಚಿರೋದು. ಚರ್ಮದಿಂದಲೂ ಒಳಗೆ ಹೋಗುತ್ತೆ. ನೀವು ಕೊಳೆ ತೊಳೀತಿರಲಿಲ್ಲ, ವಿಷ ಹಚ್ಕೋತಿದ್ರಿ."

ನಾನು ಇವರ ಕೈಗಳನ್ನೇ ನೋಡುತ್ತಾ ಕೂತೆ. ಎಷ್ಟು ವರ್ಷ ಆ ಕೈಗಳು ಅದರಲ್ಲಿ ಮುಳುಗಿದ್ದವೋ! ಕರಿ ಎಣ್ಣೆ ಪಾಪದ್ದು, ಕಣ್ಣಿಗೆ ಕಾಣುವಂತೆ ಅಂಟಿಕೊಳ್ಳುತ್ತದೆ. ಇದು ಗುರುತೇ ಬಿಡದೆ ಹೋಯಿತಲ್ಲ, ಅದಕ್ಕೇ ನಾನು ಇದನ್ನು ಒಳ್ಳೆಯದೆಂದು ನಂಬಿದೆ. ಜೀವನವಿಡೀ ಕಲೆಯನ್ನೇ ನೋಡಿದವಳ ಕಣ್ಣಿಗೆ ಮಂಕು ಕವಿಯುವುದು ಹೀಗೇ ಇರಬೇಕು.

ಅಂಗಡಿಗೆ ಬಂದು ಡಬ್ಬಿಯ ಬಿರಡೆ ಬಿಗಿದು, ಹಿತ್ತಿಲಿನ ಗೂಡಿನಲ್ಲಿಟ್ಟು ಬೀಗ ಹಾಕಿದೆ. ಇವರನ್ನು ಈ ಸ್ಥಿತಿಗೆ ತಂದದ್ದು ನನ್ನ ಕಣ್ಣೆದುರಿಗೆ ಇರುವುದು ಬೇಡ.

ಏಪ್ರಿಲ್ ೩೦

ಮಗಳ ಬಸ್ಸಿನಲ್ಲೇ ಆಸ್ಪತ್ರೆಗೆ ಹೊರಟಿದ್ದೆ. ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದಾಗ ರವಿಕೆಯ ತೋಳು ಸರಿಯಿತು. ಅವಳು ಕನ್ನಡಿಯಲ್ಲಿ ನೋಡಿದಳು. ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಎದ್ದು ಬಂದಳು.

"ಅಮ್ಮಾ, ಇದೇನಿದು ನೀಲಿ?"

"ಬಟ್ಟೆ ಬುಟ್ಟಿ ತಾಗಿದ್ದು ಕಣೇ."

"ಎರಡೂ ತೋಳಿಗಾ?"

ಹಿಂದಿನಿಂದ ಯಾರೋ, "ಡ್ರೈವರಮ್ಮಾ, ಸಂಸಾರ ಆಮೇಲೆ ಮಾಡಿ, ಬಸ್ ಬಿಡಿ" ಎಂದು ಕೂಗಿದರು. ಅವಳು ತಿರುಗಿ ನೋಡಿದ ನೋಟಕ್ಕೆ ಬಸ್ಸೆಲ್ಲ ಗಪ್‌ಚುಪ್. ನನಗೆ ನಾಚಿಕೆಯಾಯಿತು. ಇಷ್ಟು ಸಣ್ಣದಕ್ಕೆ ಇಷ್ಟು ರಂಪ! ಆಸ್ಪತ್ರೆಯಲ್ಲಿ ನನ್ನದೂ ರಕ್ತ ತೆಗೆಸಿಯೇ ಬಿಟ್ಟಳು.

ಮೇ ೨

ನನ್ನದರಲ್ಲೂ ಬಯಲು.

ಮೇ ೫

ಇವರಷ್ಟು ಕೆಟ್ಟಿಲ್ಲವಂತೆ. ಆ ಎಣ್ಣೆಯಿಂದ ದೂರವಿದ್ದರೆ ಮಜ್ಜೆ ಚೇತರಿಸಿಕೊಳ್ಳಬಹುದು, ಚೇತರಿಸಿಕೊಳ್ಳದೆಯೂ ಇರಬಹುದು. ತಿಂಗಳು ತಿಂಗಳೂ ನೋಡುತ್ತಿರಬೇಕು. ಡಾಕ್ಟರಮ್ಮ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಹೆದರಿಕೆ ಇತ್ತು, ಸುಳ್ಳೇಕೆ. ಆದರೆ ಕಣ್ಣಿಟ್ಟ ಮೇಲೆ ಹೆದರಿಕೆ ಮರೆತೇ ಹೋಯಿತು. ಕೆಲವೇ ಇದ್ದರೂ ಎಷ್ಟು ಅಚ್ಚುಕಟ್ಟಾಗಿದ್ದವು! ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಇಸ್ತ್ರಿ ಮಾಡುವುದು, ನಗುವುದು, ಮಗಳ ಮೇಲೆ ರೇಗುವುದು ಎಲ್ಲ ಈ ಪುಟ್ಟ ಬಿಲ್ಲೆಗಳ ಬಲದಿಂದ. ಒಂದು ದಿನವೂ ಅವುಗಳನ್ನು ವಿಚಾರಿಸಿಕೊಂಡವಳಲ್ಲ.

ಇನ್ನು ಡಬ್ಬಿಯ ವಿಷಯ ವಕೀಲರಿಗೆ ಮುಚ್ಚಿಡಲು ಆಗಲಿಲ್ಲ. ಅವರು ಬೈಯಲಿಲ್ಲ. ಚಹಾ ಆರಿಸುತ್ತಾ ಹೇಳಿದರು: "ವಿಚಾರಣೇಲಿ ಹೇಳಿದ್ರೆ ನಿಮ್ಮ ಯಜಮಾನರ ಅರ್ಜಿ ಕೆಡಬಹುದು. ಮಾಲು ಕದ್ದು ತಾವೇ ವಿಷ ತಗೊಂಡ್ರು ಅಂತಾರೆ. ಹೇಳದಿದ್ರೆ ನಿಮ್ಮ ರೋಗಕ್ಕೆ ಬಾಯೇ ಇರಲ್ಲ. ಯೋಚನೆ ಮಾಡಿ. ಆದ್ರೆ ಒಂದು ಮಾತು, ಅಲ್ಲಿ ಕೇಳಿದ್ರೆ ಸುಳ್ಳು ಹೇಳಿಸೋಕೆ ನನ್ನಿಂದಾಗಲ್ಲ."

ಮನೆಯಲ್ಲಿ ದೊಡ್ಡ ಜಗಳ. "ನಿನಗೆ ತಂದುಕೊಟ್ಟೋನು ನಾನು, ನಾನೇ ಹೇಳ್ತೀನಿ" ಎಂದು ಇವರು. "ರೀ, ನಿಮ್ಮ ಔಷಧಿ ನಡೀಬೇಕಾದ್ರೆ ಆ ಅರ್ಜಿ ಗೆಲ್ಲಬೇಕು. ಕೇಳಿದ್ರೆ ನೋಡೋಣ, ನೀವಾಗಿ ಬಾಯಿ ಬಿಡಬೇಡಿ. ನಂದು ಹೇಗೋ ಆಗುತ್ತೆ" ಎಂದು ನಾನು. ಇವರಿಂದ ಆಣೆ ಹಾಕಿಸಿಕೊಳ್ಳಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು.

ಜುಲೈ ೧೬

ಇವರ ಪರಿಹಾರದ ಅರ್ಜಿಯ ವಿಚಾರಣೆ ಇತ್ತು. ಇವತ್ತಿನದನ್ನು ಬಿಡದೆ ಬರೆಯಬೇಕು.

ಕೋಣೆ ಶಾಲೆಯ ತರಗತಿಯ ಹಾಗಿತ್ತು. ಫ್ಯಾನು ಕಿರ್‌ಗುಡುತ್ತಿತ್ತು. ವಿಚಾರಣೆ ನಡೆಸುವ ಅಧಿಕಾರಿ ದಪ್ಪ ಕನ್ನಡಕದ ವಯಸ್ಸಾದವರು. ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಕಂಪನಿಯ ವಕೀಲರು, ಕ್ಷೇಮಾಧಿಕಾರಿ, ಮತ್ತು ಮೀಸೆಯಣ್ಣ. ಅವರು ಕಂಪನಿಯ ಕಡೆ ಸಾಕ್ಷಿ. ನಮ್ಮತ್ತ ನೋಡದೆ ಮೀಸೆ ತಿರುವುತ್ತಾ ಕೂತಿದ್ದರು. ಜೀಪಿನಲ್ಲಿ ಇವರನ್ನು ಆಸ್ಪತ್ರೆಗೆ ಕರೆತಂದ ಮನುಷ್ಯನೇ ಹೀಗೆ!

ಇವರು ಸೋಂಕು ತಾಗದಿರಲೆಂದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತರು. ಕಂಪನಿಯ ವಕೀಲರು ಮುಖವಾಡದ ವಿಷಯ, ನಿಯಮದ ವಿಷಯ ಕೇಳಿದರು. ಆಮೇಲೆ ಕಾಗದ ತಿರುವುತ್ತಾ, ಏನೋ ಮರೆತದ್ದು ನೆನಪಾದವರಂತೆ, "ಕೈ ತೊಳೆಯುವ ಆ ದ್ರವವನ್ನು ಹೊರಗೆ ಒಯ್ದದ್ದೇನಾದರೂ ಉಂಟೇ?" ಎಂದರು.

ನಾನು ಇವರ ಮುಖವನ್ನೇ ನೋಡಿದೆ.

"ಉಂಟು. ಮನೆಗೆ ತರ್ತಿದ್ದೆ. ನನ್ನ ಹೆಂಡತಿ ಬಟ್ಟೆ ಕಲೆ ತೆಗೆಯೋಕೆ" ಎಂದರು ಇವರು. "ಈಗ ಅವಳ ರಕ್ತವೂ ಕೆಟ್ಟಿದೆ."

ಕಂಪನಿಯ ವಕೀಲರ ಮುಖ ಅರಳಿತು. "ಅಂದರೆ ಕಂಪನಿಯ ಮಾಲನ್ನು ಕದ್ದಿರಿ. ಅದು ಕಳ್ಳತನ ಎಂದು ಗೊತ್ತಿತ್ತೇ?"

ಇವರು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆ ಸರಿಸಿದರು. "ಸ್ವಾಮಿ, ಒಂದು ಸ್ಕ್ರೂ ಜೇಬಲ್ಲಿದ್ರೂ ಗೇಟಲ್ಲಿ ಹಿಡೀತಾರೆ. ಈ ಡಬ್ಬೀನ ಇಷ್ಟು ವರ್ಷ ಕೈಯಲ್ಲಿ ಹಿಡ್ಕೊಂಡು ಗೇಟು ದಾಟಿದೀನಿ. ಕಾವಲಿನವರು, 'ಭಾರ ಇದೆಯಾ, ಸೈಕಲ್ಲಿಗೆ ಕಟ್ಟಿಕೊಡ್ಲಾ' ಅಂತಿದ್ರು. ಕಳ್ಳತನ ಆಗಿದ್ರೆ ಅವರು ತಡೀತಿದ್ರು. ವಿಷ ಅಂತ ಗೊತ್ತಿದ್ದೋರೂ ತಡೀಬಹುದಿತ್ತು. ಯಾರೂ ತಡೀಲಿಲ್ಲ."

ನಾನು ಇವರನ್ನು ಹಾಗೆ ನೋಡಿದ್ದೇ ಇಲ್ಲ. ಮನೆಗೆ ಬಂದರೆ ಟಿವಿ ರಿಮೋಟಿಗೆ ಜಗಳ ಆಡುವ ಮನುಷ್ಯ. ಪೈಜಾಮ ಸಡಿಲಾಗಿ ಜಾರುತ್ತಿದೆ, ಮಾತು ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಕಂಪನಿಯ ವಕೀಲರು ಮೀಸೆಯಣ್ಣನನ್ನು ಕರೆದರು. ಆ ದ್ರವವನ್ನು ಮುಟ್ಟಬಾರದು, ಹೊರಗೆ ಒಯ್ಯಬಾರದು ಎಂದು ಎಲ್ಲರಿಗೂ ಹೇಳಿದ್ದೆ ಎಂದು ಅವರು ಒಪ್ಪಿಸಬೇಕಿತ್ತು. ಒಪ್ಪಿಸಿದರು ಕೂಡ, ನೆಲ ನೋಡಿಕೊಂಡು. ಮುಗಿಯಿತು, ಸೋತೆವು ಎಂದುಕೊಂಡೆ.

ಆಗ ಅಧಿಕಾರಿ ಕನ್ನಡಕ ಒರೆಸುತ್ತಾ ಮೆಲ್ಲಗೆ ಕೇಳಿದರು. "ನಿಮ್ಮ ಮನೆಯಲ್ಲಿ ಆ ಡಬ್ಬಿ ಇದೆಯೇ?"

ಮೀಸೆಯಣ್ಣ ತಲೆ ಎತ್ತಿದರು. ಮೊದಲ ಸಲ ಇವರನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ತೋಳಿನ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಇದೆ ಸ್ವಾಮಿ. ಎಲ್ಲರ ಮನೇಲೂ ಇದೆ. ತುಂಬಿಸಿ ಕೊಡ್ತಿದ್ದೋನು ನಾನೇ. ನಮ್ಮ ಮನೇಲಿ ಬಚ್ಚಲು ಕಿಟಕಿ ಮೇಲಿದೆ. ಸೊಸೆ ಉಗುರಿನ ಬಣ್ಣ ತೆಗೀತಾಳೆ. ಮೊಮ್ಮಗಳು ಅದರಲ್ಲಿ ಸೈಕಲ್ ಚೈನು..."

ಅಲ್ಲಿಗೆ ನಿಂತರು. ಮುಖದ ಬಣ್ಣ ಇಳಿಯುವುದು ನನಗೆ ಕಂಡಿತು.

"ಸ್ವಾಮಿ, ಒಂದು ನಿಮಿಷ. ಮನೆಗೆ ಒಂದು ಫೋನ್ ಮಾಡ್ಬೇಕು."

ಕಂಪನಿಯ ವಕೀಲರು ಆಕ್ಷೇಪ ಎಂದರು. ಅಧಿಕಾರಿ ಅವರತ್ತ ನೋಡಲೂ ಇಲ್ಲ. "ಹೋಗಿ, ಮಾಡಿ" ಎಂದರು.

ಬಾಗಿಲಾಚೆಯಿಂದ ಅವರ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಆ ಡಬ್ಬಿ ಮುಟ್ಟಬೇಡಿ... ಹೂಂ ಕಣಮ್ಮ, ಆ ಬಿಳೀದು... ಮಗು ಎಲ್ಲಿ? ಮಗು ಕೈ ತೊಳೆಸು, ಸೋಪು ಹಾಕಿ ತೊಳೆಸು, ಈಗಲೇ..." ಬೆರಳಚ್ಚು ಮಾಡುವ ಹುಡುಗಿಯ ಕೈ ನಿಂತಿತ್ತು. ಕ್ಷೇಮಾಧಿಕಾರಿ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನನಗೆ ಅವರ ಮೇಲೂ ಕನಿಕರ ಬಂತು, ಏನು ಮಾಡಲಿ.

ಸೆಪ್ಟೆಂಬರ್ ೪

ಆದೇಶ ಬಂತು. ಇವರ ರೋಗ ಕೆಲಸದಿಂದಲೇ ಬಂದದ್ದು. ಗೇಟಿನವರೇ ತಡೆಯದೆ ಬಿಟ್ಟದ್ದನ್ನು ಕಳ್ಳತನ ಎನ್ನಲಾಗದು. ಚಿಕಿತ್ಸೆಗೆ ಇನ್ನು ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಇವರು ಓದಿಸಿ, ಮತ್ತೆ ಓದಿಸಿ ಕೇಳಿದರು. ಕಂಪನಿ ಮೇಲಿನ ಕೋರ್ಟಿಗೆ ಹೋಗಬಹುದು. ಹೋಗಲಿ.

ನಾನು ಅವರ ಕೆಲಸದವಳಲ್ಲ, ಹಾಗಾಗಿ ಈ ಆದೇಶದಲ್ಲಿ ನನಗೆ ಜಾಗವಿಲ್ಲ. ನನ್ನದು ಆ ಉದ್ದದ ದಾರಿ. ವಕೀಲರು ನನ್ನ ಹೆಸರಿನಲ್ಲಿ ದಾವೆ ಬರೆಯುತ್ತಿದ್ದಾರೆ. ಮೀಸೆಯಣ್ಣನ ಸೊಸೆಯೂ ಸೇರಿದ್ದಾಳೆ, ಇನ್ನೂ ಕೆಲವು ಮನೆಯವರು ಬರುತ್ತೇವೆ ಎಂದಿದ್ದಾರೆ. ಮಗುವಿನ ರಕ್ತ ಚೆನ್ನಾಗಿದೆಯಂತೆ. ಅದನ್ನು ಹೇಳಲು ಮೀಸೆಯಣ್ಣ ಅಂಗಡಿಗೇ ಬಂದಿದ್ದರು. ಹೇಳಿ, ಒಂದು ಅಂಗಿ ಇಸ್ತ್ರಿಗೆ ಕೊಟ್ಟು ಹೋದರು. ಅದು ಆಗಲೇ ಇಸ್ತ್ರಿಯಾಗಿತ್ತು.

ಸೆಪ್ಟೆಂಬರ್ ೧೮

ನನ್ನ ರಕ್ತ ಇನ್ನೂ ಮೇಲೇರಿಲ್ಲ, ಕೆಳಗೂ ಇಳಿದಿಲ್ಲ.

ಇವರ ಕೆಲಸದ ಅಂಗಿಯನ್ನು ವಕೀಲರು ಹಿಂದಿರುಗಿಸಿದರು. "ಯಜಮಾನರ ಕೇಸಿಗೆ ಇನ್ನು ಬೇಡ. ನಿಮ್ಮದಕ್ಕೆ ಬೇಕು, ಜೋಪಾನ" ಎಂದರು. ಮನೆಯಲ್ಲಿಡಲು ಮಗಳು ಬಿಡಲಿಲ್ಲ. ಪಾರದರ್ಶಕವಾದ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಅಂಗಡಿಯ ಗೋಡೆಗೆ ತೂಗುಹಾಕಿದೆ.

ಮಧ್ಯಾಹ್ನ ಮ್ಯಾನೇಜರಮ್ಮ ಬಂದರು, ಅದೇ ಬಿಳಿ ಕೋಟು, ಈ ಸಲ ಬೆನ್ನಿಗೆ ಗ್ರೀಸು. ಸೋಪಿನಲ್ಲಿ, ಬಿಸಿನೀರಿನಲ್ಲಿ ಆದಷ್ಟು ಉಜ್ಜಿದೆ. ಬೂದು ಗುರುತು ಉಳಿಯಿತು. "ಇಷ್ಟೇ ಹೋಗೋದು" ಎಂದೆ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ಹೇಳದ ಮಾತು, ಎಷ್ಟು ಸಲೀಸಾಗಿ ಬಾಯಿಂದ ಬಂತು!

ಅವರಿಗೆ ಆಶ್ಚರ್ಯ. ಕೋಟು ಮಡಚಿಕೊಳ್ಳುತ್ತಾ ಗೋಡೆಯ ಕಡೆ ನೋಡಿದರು. "ಅದ್ಯಾರದು, ಅಷ್ಟು ಕೊಳೆ? ಅದನ್ನ ಒಗೀಲೇ ಇಲ್ವಾ?"

"ಇಲ್ಲ" ಎಂದೆ. "ಅದು ಇನ್ನೂ ಸಾಕ್ಷಿ ಹೇಳಬೇಕು."